ಮೀರತ್‌ನ ಬ್ಯಾಟ್ ಜರ್ಮನಿ ತಲುಪುವಷ್ಟರಲ್ಲಿ ಬೆಲೆ ಎಷ್ಟಾಗುತ್ತದೆ?

ಪ್ರಶ್ನೆ: ಸರ್, ನಾನು ದಾವಣಗೆರೆಯವನು. ಕೆಲಸದ ಮೇಲೆ ಜರ್ಮನಿಯ ಸ್ಟುಟ್‌ಗಾರ್ಟ್‌ಗೆ ಬಂದು ಎಂಟು ತಿಂಗಳಾಯಿತು. ಇಲ್ಲಿ ಒಂದು ಕ್ರಿಕೆಟ್ ಕ್ಲಬ್ ಸೇರಿದ್ದೇನೆ. ಹೊಸ ಇಂಗ್ಲಿಷ್ ವಿಲೋ ಬ್ಯಾಟ್, ಪ್ಯಾಡ್, ಗ್ಲೌಸ್, ಸ್ಪೈಕ್ ಶೂ ಬೇಕು. ಮೀರತ್‌ನ ವ್ಯಾಪಾರಿಯೊಬ್ಬರು 25,000 ರೂಪಾಯಿಗೆ ಒಳ್ಳೆಯ ಬ್ಯಾಟ್ ಕೊಡುತ್ತೇನೆ ಎನ್ನುತ್ತಾರೆ. ಆದರೆ ಕಸ್ಟಮ್ಸ್‌ನವರು ಅರ್ಧಕ್ಕರ್ಧ ಕಿತ್ತುಕೊಳ್ಳುತ್ತಾರೆ ಅಂತ ಗೆಳೆಯರು ಹೆದರಿಸುತ್ತಿದ್ದಾರೆ. ‘ಗಿಫ್ಟ್, 20 ಡಾಲರ್ ಅಂತ ಬರೆದು ಕಳಿಸ್ತೀನಿ, ಏನೂ ಆಗಲ್ಲ’ ಎಂದು ವ್ಯಾಪಾರಿಯೇ ಹೇಳುತ್ತಿದ್ದಾರೆ. ಕ್ಲಬ್ಬಿನ ಮೂವರು ತಮಗೂ ಒಂದೊಂದು ಬ್ಯಾಟ್ ತರಿಸಿಕೊಡು ಎಂದು ಕೇಳಿದ್ದಾರೆ. ಇಂಗ್ಲೆಂಡಿನಿಂದ ತರಿಸಿದರೆ ಅಗ್ಗವಾಗುತ್ತದೆಯೇ? ಊರಿನಲ್ಲಿ ನನ್ನ ಹಳೆಯ ಕಿಟ್ಟೂ ಇದೆ. ಯಾವ ದಾರಿ ಹಿಡಿಯಲಿ?

ಉತ್ತರ: ನಿಮ್ಮ ಗೆಳೆಯರು ಹೆದರಿಸಿರುವ ವಿಷಯವನ್ನೇ ಮೊದಲು ತೆಗೆದುಕೊಳ್ಳೋಣ. ಐರೋಪ್ಯ ಒಕ್ಕೂಟದ ಸುಂಕ ಪಟ್ಟಿಯಲ್ಲಿ ಕ್ರಿಕೆಟ್ ಬ್ಯಾಟಿನ ಮೇಲೆ ಕಸ್ಟಮ್ಸ್ ಸುಂಕ ಸೊನ್ನೆ. ರಿಯಾಯಿತಿಯ ಮಾತಲ್ಲ, ಭಾರತಕ್ಕೆಂದು ಮಾಡಿಕೊಟ್ಟ ವಿಶೇಷ ಸೌಲಭ್ಯವೂ ಅಲ್ಲ. 9506 99 10 ಎಂಬ ಸಂಖ್ಯೆಯಡಿ ‘ಕ್ರಿಕೆಟ್ ಮತ್ತು ಪೋಲೋ ಸಾಮಗ್ರಿ, ಚೆಂಡು ಬಿಟ್ಟು’ ಎಂದು ಬೇರೆಯೇ ಸಾಲು ಇದೆ. ಅದರ ಮುಂದೆ ಯಾವ ದೇಶದಿಂದ ಬಂದರೂ ಸುಂಕವಿಲ್ಲ ಎಂದೇ ಇದೆ. ಚೆಂಡಿಗೆ 9506 69 10 ಎಂಬ ಇನ್ನೊಂದು ಸಾಲಿದೆ, ಅದಕ್ಕೂ ಸೊನ್ನೆ. ಜರ್ಮನಿಯಲ್ಲಿ ಕ್ರಿಕೆಟ್ ಆಡುವ ನಮ್ಮವರಲ್ಲಿ ಎಷ್ಟೋ ಮಂದಿಗೆ ಇದು ಗೊತ್ತಿಲ್ಲ. ಸುಂಕಕ್ಕೆ ಹೆದರಿ, ಇಲ್ಲದ ಸುಂಕವನ್ನು ತಪ್ಪಿಸಲು ಸುಳ್ಳು ಕಾಗದ ಬರೆಸಿ, ಕೊನೆಗೆ ಆ ಕಾಗದದಿಂದಲೇ ಕೈ ಸುಟ್ಟುಕೊಳ್ಳುತ್ತಾರೆ. ಸಾಗಣೆ ಕಾಗದಗಳ ಮಧ್ಯೆಯೇ ಕೆಲಸ ಮಾಡುವ ನನಗೆ ಇದನ್ನು ನೋಡಿದಾಗಲೆಲ್ಲ ಸಂಕಟವಾಗುತ್ತದೆ.

ಹಾಗಾದರೆ ಹಣ ಹೋಗುವುದು ಎಲ್ಲಿ? ಮೂರು ಕಡೆ. ಆಮದು ವ್ಯಾಟ್ (ಸುಂಕವಲ್ಲದೆ ಹೊರಗಿನಿಂದ ಬಂದ ಸರಕಿನ ಮೇಲೆ ಹಾಕುವ ಮೌಲ್ಯವರ್ಧಿತ ತೆರಿಗೆ), ಸಾಗಣೆ ಖರ್ಚು, ಮತ್ತು ನಿಮ್ಮ ಪರವಾಗಿ ತೆರಿಗೆ ಕಟ್ಟಿದ್ದಕ್ಕೆ ಕೊರಿಯರ್ ಕಂಪನಿ ಹಾಕುವ ಶುಲ್ಕ. ಇವುಗಳಲ್ಲಿ ವ್ಯಾಟನ್ನು ಪಾರ್ಸೆಲ್ಲಿನಲ್ಲಿ ತಪ್ಪಿಸಲಾಗದು. ಉಳಿದೆರಡನ್ನು ಬಹಳಷ್ಟು ಇಳಿಸಬಹುದು.

ಜರ್ಮನಿಯಲ್ಲಿ ಆಮದು ವ್ಯಾಟ್ ಶೇ. 19. ಮೊದಲು 22 ಯೂರೋ ಒಳಗಿನ ಪಾರ್ಸೆಲ್‌ಗಳಿಗೆ ವಿನಾಯಿತಿ ಇತ್ತು, 2021ರ ಜುಲೈ 1ರಿಂದ ಅದನ್ನು ತೆಗೆದುಹಾಕಿದರು. ಹಾಗಾಗಿ ಹತ್ತು ಯೂರೋದ ಬ್ಯಾಟ್ ಗ್ರಿಪ್ಪಿಗೂ ಲೆಕ್ಕದ ಪ್ರಕಾರ ವ್ಯಾಟ್ ಉಂಟು. ಹಲವರು ಎಡವುವುದು ಎಲ್ಲಿ ಎಂದರೆ, ಈ ಶೇ. 19ನ್ನು ಬ್ಯಾಟಿನ ಬೆಲೆಯ ಮೇಲೆ ಮಾತ್ರ ಹಾಕುವುದಿಲ್ಲ. ಬೆಲೆ, ಸುಂಕವಿದ್ದರೆ ಸುಂಕ, ಜೊತೆಗೆ ನಿಮ್ಮ ಮನೆ ಬಾಗಿಲಿನವರೆಗಿನ ಸಾಗಣೆ ಖರ್ಚು, ಇಷ್ಟನ್ನೂ ಕೂಡಿಸಿದ ಮೊತ್ತದ ಮೇಲೆ ಹಾಕುತ್ತಾರೆ. ಅಂದರೆ ದುಬಾರಿ ಕೊರಿಯರ್ ಆರಿಸಿಕೊಂಡರೆ ಅದರ ಮೇಲೂ ತೆರಿಗೆ ತೆರುತ್ತೀರಿ.

ನಿಮ್ಮ ಬ್ಯಾಟನ್ನೇ ಲೆಕ್ಕಕ್ಕೆ ಹಿಡಿಯೋಣ. ಕೂಡಿ ಕಳೆಯಲು ಸುಲಭವಾಗಲಿ ಎಂದು ಒಂದು ಯೂರೋಗೆ 100 ರೂಪಾಯಿ ಇಟ್ಟುಕೊಳ್ಳುತ್ತೇನೆ. 25,000 ರೂಪಾಯಿ ಎಂದರೆ 250 ಯೂರೋ. ಸಾಗಣೆ 55 ಯೂರೋ ಎಂದುಕೊಳ್ಳಿ. ಸುಂಕ ಸೊನ್ನೆ. ಒಟ್ಟು 305ರ ಮೇಲೆ ಶೇ. 19 ಎಂದರೆ 57.95 ಯೂರೋ ವ್ಯಾಟ್. ಕೊರಿಯರ್‌ನ ಮುಂಗಡ ಪಾವತಿ ಶುಲ್ಕಕ್ಕೆ ಸುಮಾರು 15 ಇಡಿ. ಎಲ್ಲ ಸೇರಿ 378 ಯೂರೋ ಆಸುಪಾಸು. 250ರ ಬ್ಯಾಟಿನ ಮೇಲೆ 128 ಹೆಚ್ಚಾಯಿತು, ಅದರಲ್ಲಿ ಕಸ್ಟಮ್ಸ್ ಸುಂಕದ ಪಾಲು ಒಂದು ಸೆಂಟೂ ಇಲ್ಲ. ಅರ್ಧಕ್ಕರ್ಧ ಎಂದು ನಿಮ್ಮ ಗೆಳೆಯರು ಹೇಳಿದ ಅಂಕಿ ಪೂರ್ತಿ ತಪ್ಪಲ್ಲ. ಆದರೆ ಕಾರಣ ಬೇರೆ, ಮತ್ತು ಕಾರಣ ತಿಳಿದರೆ ತಾನೇ ಅದನ್ನು ಇಳಿಸುವ ದಾರಿ ಕಾಣುವುದು.

ಸಾಗಣೆಯ ವಿಷಯವನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ನಿಮ್ಮ ಕೈಯಲ್ಲಿರುವ ಖರ್ಚು ಅದೇ. ಎಕ್ಸ್‌ಪ್ರೆಸ್ ಕೊರಿಯರ್‌ಗಳು ಪೆಟ್ಟಿಗೆಯ ತೂಕ ಒಂದನ್ನೇ ನೋಡುವುದಿಲ್ಲ, ವಿಮಾನದಲ್ಲಿ ಅದು ಹಿಡಿಯುವ ಜಾಗವನ್ನೂ ನೋಡುತ್ತವೆ. ಉದ್ದ, ಅಗಲ, ಎತ್ತರವನ್ನು ಸೆಂಟಿಮೀಟರಿನಲ್ಲಿ ಗುಣಿಸಿ 5000ದಿಂದ ಭಾಗಿಸುತ್ತಾರೆ. ಬರುವ ಅಂಕಿ ಮತ್ತು ತಕ್ಕಡಿಯ ಅಂಕಿ, ಎರಡರಲ್ಲಿ ಯಾವುದು ದೊಡ್ಡದೋ ಅದಕ್ಕೆ ಹಣ. ಬ್ಯಾಟಿನ ಸ್ವಭಾವವೇ ಉದ್ದ. ನಿಯಮದ ಪ್ರಕಾರ 96.52 ಸೆಂ.ಮೀ. ತನಕ ಇರಬಹುದು, ಸಾಮಾನ್ಯ ಶಾರ್ಟ್ ಹ್ಯಾಂಡಲ್ ಬ್ಯಾಟು ಸುಮಾರು 85. ಅದಕ್ಕೆ 92 ಉದ್ದ, 16 ಅಗಲ, 12 ಎತ್ತರದ ಪೆಟ್ಟಿಗೆ ಮಾಡಿದರೆ ಲೆಕ್ಕ 3.53 ಕಿಲೋಗೆ ಬರುತ್ತದೆ, ಅರ್ಧ ಕಿಲೋಗೆ ಏರಿಸಿ 4 ಎಂದು ಬಿಲ್ ಮಾಡುತ್ತಾರೆ. ತಕ್ಕಡಿಯಲ್ಲಿ ಅದು 2 ಕಿಲೋ ಕೂಡ ತೂಗದಿರಬಹುದು. ಅದೇ ಪೆಟ್ಟಿಗೆಯ ಎತ್ತರ 16 ಮಾಡಿದರೆ ಎರಡು ಬ್ಯಾಟು ಹಿಡಿಯುತ್ತವೆ, ಒಂದರ ಹಿಡಿಯ ಪಕ್ಕ ಇನ್ನೊಂದರ ತುದಿ ಬರುವಂತೆ ತಿರುಗಿಸಿಟ್ಟರೆ ಸಾಕು. ಲೆಕ್ಕ 4.71, ಬಿಲ್ 5 ಕಿಲೋ. ಎರಡನೇ ಬ್ಯಾಟಿಗೆ ಹೆಚ್ಚಾದದ್ದು ಒಂದೇ ಕಿಲೋ.

ಈಗ ಇಡೀ ಕಿಟ್ ಬ್ಯಾಗನ್ನೇ ಕಳಿಸಿ ಎಂದಿರಿ ಎನ್ನಿ. 100, 38, 38 ಅಳತೆಯ ಬ್ಯಾಗು 28.88 ಕಿಲೋ ಲೆಕ್ಕಕ್ಕೆ ಬರುತ್ತದೆ. ಒಳಗಿರುವುದು 10 ಕಿಲೋ ಸಾಮಾನು. ಮೂಗಿಗಿಂತ ಮೂಗುತಿ ಭಾರ. ಬ್ಯಾಗನ್ನು ಯಾವ ಕಾರಣಕ್ಕೂ ತರಿಸಬೇಡಿ, ಇಲ್ಲೇ ಕೊಳ್ಳಿ. ಪ್ಯಾಡಿನದೂ ಇದೇ ಕಥೆ. ಹಗುರ, ಆದರೆ ಗಾಳಿಯೇ ಹೆಚ್ಚು. 75, 28, 25ರ ಪೆಟ್ಟಿಗೆಯಲ್ಲಿ ಒಂದು ಜೊತೆ ಪ್ಯಾಡ್ 10.5 ಕಿಲೋ ಆಗಿ ಕೂರುತ್ತದೆ. ಊರಲ್ಲಿ ಮೂರು ಸಾವಿರಕ್ಕೆ ಸಿಗುವ ಪ್ಯಾಡಿಗೆ ಅಷ್ಟು ಸಾಗಣೆ ಕೊಡುವುದರಲ್ಲಿ ಅರ್ಥವಿಲ್ಲ. ಮೀರತ್‌ನ ವ್ಯಾಪಾರಿಗೆ ಹಣ ಕಳಿಸುವ ಮುಂಚೆ ಪೆಟ್ಟಿಗೆಯ ಮೂರು ಅಳತೆಗಳನ್ನು ಬರೆದು ತಿಳಿಸಿ ಎನ್ನಿ. ತೂಕ ಕೇಳಿ ಸುಮ್ಮನಾಗಬೇಡಿ. ಭಾರತೀಯ ಅಂಚೆಯ ಸ್ಪೀಡ್ ಪೋಸ್ಟಿನಲ್ಲಿ ದರದ ಲೆಕ್ಕ ಬೇರೆ, ಬಹಳ ಸಲ ಕೊರಿಯರ್‌ಗಿಂತ ಕಡಿಮೆ. ದಿನ ಹೆಚ್ಚು ಹಿಡಿದರೆ ಪರವಾಗಿಲ್ಲ ಎನ್ನುವವರು ಅಂಚೆಯನ್ನೇ ನೋಡಬೇಕು. ಬ್ಯಾಟಿನ ಜೊತೆ ಲಿನ್‌ಸೀಡ್ ಎಣ್ಣೆಯ ಬಾಟಲಿ ಮಾತ್ರ ಇಡಿಸಬೇಡಿ. ವಿಮಾನದಲ್ಲಿ ಹೋಗುವ ಪಾರ್ಸೆಲ್ಲಿನಲ್ಲಿ ಎಣ್ಣೆ ಸಿಕ್ಕಿ ಇಡೀ ಪೆಟ್ಟಿಗೆ ನಿಂತುಹೋಗುವ ಸಾಧ್ಯತೆ ಇದೆ.

ಇನ್ನು ‘ಗಿಫ್ಟ್, 20 ಡಾಲರ್’ ವಿಚಾರ. ಬೇಡ ಎಂದು ಖಡಾಖಂಡಿತವಾಗಿ ಹೇಳಿ. ಗಿಫ್ಟ್ ಎಂದು ಕಸ್ಟಮ್ಸ್ ಒಪ್ಪುವುದು ಒಬ್ಬ ಖಾಸಗಿ ವ್ಯಕ್ತಿ ಇನ್ನೊಬ್ಬ ಖಾಸಗಿ ವ್ಯಕ್ತಿಗೆ, ಹಣ ಪಡೆಯದೆ, ಅಪರೂಪಕ್ಕೆ ಕಳಿಸಿದ ವಸ್ತುವನ್ನು. ಅದರಲ್ಲೂ ತೆರಿಗೆ ಇಲ್ಲದಿರುವುದು 45 ಯೂರೋ ತನಕ. ಅಂಗಡಿಯವರು ಕಳಿಸಿದ್ದು ಗಿಫ್ಟ್ ಆಗುವುದೇ ಇಲ್ಲ. ಜರ್ಮನ್ ಕಸ್ಟಮ್ಸ್‌ನವರಿಗೆ ಅನುಮಾನ ಬಂದರೆ ಪಾರ್ಸೆಲ್ ಅಲ್ಲಿ ನೀವಿರುವ ಊರಿನ ಕಸ್ಟಮ್ಸ್ ಕಚೇರಿಗೆ ಹೋಗುತ್ತದೆ, ಅಂಚೆಯಲ್ಲಿ ನಿಮಗೊಂದು ಪತ್ರ ಬರುತ್ತದೆ. ಪಾಸ್‌ಪೋರ್ಟ್, ಬಿಲ್, ಹಣ ಕಳಿಸಿದ ಬ್ಯಾಂಕ್ ದಾಖಲೆ ಹಿಡಿದು ಹೋಗಬೇಕು. ಕಟ್ಟೆಯ ಮೇಲೆ ಪೆಟ್ಟಿಗೆ ಇಟ್ಟು, ಕಟರ್ ಕೊಟ್ಟು, ನಿಮ್ಮಿಂದಲೇ ಬಿಚ್ಚಿಸುತ್ತಾರೆ. ಒಳಗಿನಿಂದ ಹೊಳೆಯುವ ಸ್ಟಿಕ್ಕರಿನ ಇಂಗ್ಲಿಷ್ ವಿಲೋ ಬ್ಯಾಟ್ ಹೊರಬಂದಾಗ, ಅದರ ಹೆಸರನ್ನು ಅಲ್ಲೇ ಕಂಪ್ಯೂಟರಿನಲ್ಲಿ ಹುಡುಕಿ ಬೆಲೆ ನೋಡಲು ಅವರಿಗೆ ಎರಡು ನಿಮಿಷ ಸಾಕು. ಬ್ಯಾಂಕ್ ದಾಖಲೆಯಲ್ಲಿ 250, ಕಾಗದದಲ್ಲಿ 20. ಆಗ ಅದು ತೆರಿಗೆ ವಂಚನೆಯ ವಿಷಯವಾಗುತ್ತದೆ. ವ್ಯಾಪಾರಿ ಮೀರತ್‌ನಲ್ಲಿದ್ದಾರೆ, ಅಧಿಕಾರಿಯ ಎದುರು ನಿಂತಿರುವವರು ನೀವು. ಹೊಸದಾಗಿ ಬಂದು ವೀಸಾದ ಮೇಲೆ ಇರುವವರು ಇಂಥದ್ದನ್ನು ಮೈಮೇಲೆ ಎಳೆದುಕೊಳ್ಳಬಾರದು.

ಸಾಲದ್ದಕ್ಕೆ ದಾರಿಯಲ್ಲಿ ಬ್ಯಾಟಿನ ತುದಿ ಸೀಳಿತು ಅಥವಾ ಪಾರ್ಸೆಲ್ಲೇ ಕಳೆಯಿತು ಎಂದುಕೊಳ್ಳಿ. ಪರಿಹಾರ ಲೆಕ್ಕ ಹಾಕುವುದು ಘೋಷಿಸಿದ ಬೆಲೆಯ ಮೇಲೆ. 20 ಡಾಲರ್ ಎಂದು ಬರೆಸಿದವರಿಗೆ 20 ಡಾಲರ್. ಇಷ್ಟೆಲ್ಲ ಮಾಡಿ ಉಳಿಸಲು ಹೊರಟಿದ್ದು 58 ಯೂರೋ ವ್ಯಾಟ್.

ನಿಮಗೆ ನಿಜವಾಗಿ ಉಪಯೋಗವಾಗುವ ಕಾಗದ ಯಾವುದೆಂದರೆ, ಸರಿಯಾಗಿ ಬರೆದ ಇನ್‌ವಾಯ್ಸ್. ‘ಸ್ಪೋರ್ಟ್ಸ್ ಗೂಡ್ಸ್, 1 ಸೆಟ್’ ಎಂದು ಒಂದೇ ಸಾಲಿನಲ್ಲಿ ಬರೆದು ಕಳಿಸುವುದು ನಮ್ಮ ವ್ಯಾಪಾರಿಗಳ ಅಭ್ಯಾಸ. ಅದನ್ನು ಓದುವ ಕೊರಿಯರ್ ಗುಮಾಸ್ತರಿಗೆ ಒಳಗಿರುವುದು ಕ್ರಿಕೆಟ್ ಬ್ಯಾಟೋ ಬೇರೆ ಆಟದ ಸಾಮಾನೋ ಗೊತ್ತಾಗುವುದಿಲ್ಲ. ಇತರ ಕ್ರೀಡಾ ಸಾಮಗ್ರಿ ಎಂಬ ಸಾಲಿಗೆ ಹಾಕಿದರೆ ಶೇ. 2.7 ಸುಂಕ. ಜೊತೆಯಲ್ಲಿ ಶೂ ಇದ್ದು ಎಲ್ಲವನ್ನೂ ಅದರ ದರಕ್ಕೆ ಸೇರಿಸಿಬಿಟ್ಟರೆ ಇನ್ನೂ ದುಬಾರಿ. ಆದ್ದರಿಂದ ವ್ಯಾಪಾರಿಗೆ ಹೀಗೆ ಬರೆಯಲು ಹೇಳಿ: ಕ್ರಿಕೆಟ್ ಬ್ಯಾಟ್, ಇಂಗ್ಲಿಷ್ ವಿಲೋ, ಹೊಸದು, 1, ಸುಂಕ ಸಂಖ್ಯೆ 9506 99 10, ಭಾರತದಲ್ಲಿ ತಯಾರಾದದ್ದು, 250 ಯೂರೋ. ಅದರ ಕೆಳಗೆ ಸಾಗಣೆ ಖರ್ಚು ಬೇರೆ ಸಾಲಿನಲ್ಲಿ. ಪ್ರತಿ ವಸ್ತುವಿಗೂ ಅದರದ್ದೇ ಸಾಲು, ಅದರದ್ದೇ ಬೆಲೆ. ಇಂಗ್ಲಿಷಿನಲ್ಲಿ ಬರೆದರೆ ಸಾಕು, ಜರ್ಮನ್ ಬೇಕಿಲ್ಲ. ಒಂದು ಪ್ರತಿ ಪೆಟ್ಟಿಗೆಯ ಹೊರಗೆ ಪಾರದರ್ಶಕ ಲಕೋಟೆಯಲ್ಲಿ, ಇನ್ನೊಂದು ಒಳಗೆ. ಅಂಚೆಯಲ್ಲಾದರೆ ಸಿಎನ್ 23 ಎಂಬ ಘೋಷಣಾ ಪತ್ರದಲ್ಲೂ ಇದೇ ವಿವರ ಬರಬೇಕು. ಇಂಗ್ಲಿಷ್ ವಿಲೋ ಮರ ಇಂಗ್ಲೆಂಡಿನಲ್ಲಿ ಬೆಳೆದದ್ದಲ್ಲವೇ, ತಯಾರಾದ ದೇಶ ಯಾವುದೆಂದು ಬರೆಯಬೇಕು ಎಂದು ಕೆಲವರು ಕೇಳುತ್ತಾರೆ. ತುಂಡಾಗಿ ಬಂದ ಮರವನ್ನು ಕೆತ್ತಿ, ಒತ್ತಿ, ಹಿಡಿ ಕೂಡಿಸಿ ಬ್ಯಾಟ್ ಮಾಡಿದ್ದು ಮೀರತ್‌ನಲ್ಲಿ. ಹಾಗಾಗಿ ಭಾರತ ಎಂದೇ ಬರೆಯಬೇಕು. 1947ರಲ್ಲಿ ಸಿಯಾಲ್‌ಕೋಟ್ ಬಿಟ್ಟು ಬಂದ ಕುಶಲಕರ್ಮಿಗಳು ಜಲಂಧರ್ ಮತ್ತು ಮೀರತ್‌ನಲ್ಲಿ ಈ ಕಸುಬನ್ನು ಮತ್ತೆ ಕಟ್ಟಿದರು. ಆ ಊರಿನ ಹೆಸರು ಕಾಗದದ ಮೇಲೆ ಸರಿಯಾಗಿ ಬರುವುದು ನ್ಯಾಯವೂ ಹೌದು.

ಇನ್ನೊಂದು ಸಣ್ಣ ವಿಷಯ. ಮೀರತ್‌ನ ವ್ಯಾಪಾರಿ ರಫ್ತುದಾರರಾಗಿ ನೋಂದಾಯಿಸಿಕೊಂಡಿದ್ದರೆ ನಿಮ್ಮಿಂದ ಭಾರತದ ಜಿಎಸ್‌ಟಿ ತೆಗೆದುಕೊಳ್ಳಬೇಕಾಗಿಲ್ಲ, ರಫ್ತಿನ ಮೇಲೆ ಅದು ಸೊನ್ನೆ. 25,000ದಲ್ಲಿ ಜಿಎಸ್‌ಟಿ ಸೇರಿದೆಯೇ ಎಂದು ಕೇಳಿ. 2025ರ ಸೆಪ್ಟೆಂಬರ್ 22ರಿಂದ ಕ್ರೀಡಾ ಸಾಮಗ್ರಿಯ ದರ ಶೇ. 12ರಿಂದ 5ಕ್ಕೆ ಇಳಿದಿದೆ, ಹಾಗಾಗಿ ಮೊತ್ತ ದೊಡ್ಡದಲ್ಲ. ಆದರೂ ಎರಡು ದೇಶಕ್ಕೆ ತೆರಿಗೆ ಕಟ್ಟುವ ಅಗತ್ಯವಿಲ್ಲ.

ಬ್ಯಾಟಿಗೆ ಸುಂಕವಿಲ್ಲ ಎಂದೆ. ಉಳಿದ ಎಲ್ಲಕ್ಕೂ ಹಾಗಲ್ಲ. ಪ್ಯಾಡ್ ಕ್ರಿಕೆಟ್ ಸಾಮಗ್ರಿಯೇ, ಅದಕ್ಕೂ ಸೊನ್ನೆ. ಗ್ಲೌಸ್ ಕೈಗವಸಿನ ಸಾಲಿಗೆ ಹೋಗುತ್ತದೆ. ಚರ್ಮದ ಕ್ರೀಡಾ ಗ್ಲೌಸಿನ ಸಾಮಾನ್ಯ ದರ ಶೇ. 9. ಹೆಲ್ಮೆಟ್ ಶೇ. 2.7. ಬಿಳಿ ಉಡುಪು ಬಟ್ಟೆಯ ಸಾಲಿನಲ್ಲಿ ಶೇ. 12. ಸ್ಪೈಕ್ ಶೂ ಎಲ್ಲಕ್ಕಿಂತ ಹೆಚ್ಚು, ಶೇ. 16.9. ಇಲ್ಲಿ ಇನ್ನೊಂದು ಮಿತಿ ನೋಡಬೇಕು. ಸಾಮಾನಿನ ಬೆಲೆ ಒಟ್ಟು 150 ಯೂರೋ ದಾಟದ ಪಾರ್ಸೆಲ್‌ಗೆ ಈ ದರಗಳ ಸುಂಕ ಹಾಕದೆ ಬಿಡುವುದು 2026ರ ಜೂನ್ ಕೊನೆಯವರೆಗಿನ ನಿಯಮ, ವ್ಯಾಟ್ ಮಾತ್ರ. ಆ ನಿಯಮದಂತೆ 80 ಯೂರೋದ ಶೂ ತಾನೊಂದೇ ಬಂದರೆ ಸುಂಕವಿಲ್ಲ. ಅದೇ ಶೂವನ್ನು 250ರ ಬ್ಯಾಟಿನ ಪೆಟ್ಟಿಗೆಯೊಳಗೆ ತುರುಕಿದರೆ ಪಾರ್ಸೆಲ್ 330 ಆಗಿ ಶೂ ಮೇಲೆ ಶೇ. 16.9 ಬೀಳುತ್ತದೆ. ಒಟ್ಟಿಗೆ ತರಿಸಿದರೆ ಅಗ್ಗ ಎಂಬ ನಮ್ಮ ಸಹಜ ಲೆಕ್ಕ ಇಲ್ಲಿ ತಲೆಕೆಳಗು. ಹಾಗೆಂದು ಒಂದೇ ಆರ್ಡರನ್ನು ಸುಂಕ ತಪ್ಪಿಸಲೆಂದೇ ಹೋಳು ಮಾಡಿ ಒಂದೇ ದಿನ ಕಳಿಸಿದರೆ ಕಸ್ಟಮ್ಸ್ ಎಲ್ಲವನ್ನೂ ಕೂಡಿಸಿ ನೋಡಬಹುದು. ಈ 150ರ ನಿಯಮವನ್ನೂ ಬಹಳ ನೆಚ್ಚಿಕೊಳ್ಳಬೇಡಿ. 2026ರ ಜುಲೈ 1ರಿಂದ ಇಂಥ ಸಣ್ಣ ಪಾರ್ಸೆಲ್‌ಗಳಲ್ಲಿನ ವಸ್ತುಗಳಿಗೆ ತಲಾ 3 ಯೂರೋ ಸುಂಕ ಹಾಕಲು ಐರೋಪ್ಯ ಒಕ್ಕೂಟದ ದೇಶಗಳು 2025ರ ಡಿಸೆಂಬರಿನಲ್ಲಿ ಒಪ್ಪಿವೆ. ಶೂವನ್ನಂತೂ ಹೊರದೇಶದಿಂದ ತರಿಸುವ ಯೋಚನೆಯೇ ಬೇಡ ಎಂಬುದು ನನ್ನ ಸಲಹೆ. ಕಾಲಿಗೆ ಸರಿಹೋಗದಿದ್ದರೆ ಮೀರತ್‌ಗೆ ಮರಳಿ ಕಳಿಸುವ ಖರ್ಚಿನಲ್ಲಿ ಇನ್ನೊಂದು ಜೊತೆ ಬರುತ್ತದೆ.

ಭಾರತ ಮತ್ತು ಐರೋಪ್ಯ ಒಕ್ಕೂಟದ ಮುಕ್ತ ವ್ಯಾಪಾರ ಒಪ್ಪಂದ ಆಯಿತಲ್ಲ, ಇನ್ನು ಸುಂಕವೇ ಇಲ್ಲವಂತೆ ಎಂದು ಕೇಳುವವರಿದ್ದಾರೆ. 2026ರ ಜನವರಿ 27ರಂದು ಮಾತುಕತೆ ಮುಗಿದಿದೆ ಎಂದು ಘೋಷಿಸಿದರು. ಮಾತುಕತೆ ಮುಗಿಯುವುದು ಬೇರೆ, ಜಾರಿಗೆ ಬರುವುದು ಬೇರೆ. ಬಂದಾಗಲೂ ಬ್ಯಾಟಿಗೆ ಅದರಿಂದ ಲಾಭವೇನಿಲ್ಲ, ಸೊನ್ನೆಗಿಂತ ಕೆಳಗೆ ಇಳಿಸಲಾಗದು. ವ್ಯಾಟ್ ಅಂತೂ ಒಪ್ಪಂದದ ವ್ಯಾಪ್ತಿಗೆ ಬರುವುದಿಲ್ಲ.

ಇಂಗ್ಲೆಂಡಿನಿಂದ ತರಿಸುವ ಬಗ್ಗೆ ಕೇಳಿದ್ದೀರಿ. 2021ರ ಜನವರಿ 1ರಿಂದ ಕಸ್ಟಮ್ಸ್ ಲೆಕ್ಕಕ್ಕೆ ಬ್ರಿಟನ್ನೂ ಭಾರತದಂತೆಯೇ ಹೊರದೇಶ. ಬ್ರೆಕ್ಸಿಟ್ ಒಪ್ಪಂದದಲ್ಲಿ ಸುಂಕವಿಲ್ಲ ಎಂದಿದೆಯಲ್ಲ ಎಂದರೆ, ಆ ರಿಯಾಯಿತಿ ಒಪ್ಪಂದದ ನಿಯಮದ ಪ್ರಕಾರ ಬ್ರಿಟನ್ ಮೂಲದ್ದೆಂದು ಸಾಬೀತಾಗುವ ಸರಕಿಗೆ ಮಾತ್ರ. ಲಂಡನ್ನಿನ ಅಂಗಡಿ ಮಾರುವ ಗ್ಲೌಸ್ ಪಾಕಿಸ್ತಾನದಲ್ಲೋ ಭಾರತದಲ್ಲೋ ಹೊಲಿದದ್ದು, ಶೂ ಏಷ್ಯಾದ ಯಾವುದೋ ಕಾರ್ಖಾನೆಯದು. ಅಂಗಡಿ ಬ್ರಿಟನ್ನಿನಲ್ಲಿದೆ ಎಂಬುದರಿಂದ ಸರಕು ಬ್ರಿಟಿಷ್ ಆಗುವುದಿಲ್ಲ, ಸುಂಕ ಪೂರ್ತಿ ಬೀಳುತ್ತದೆ. ಬ್ಯಾಟಿಗೆ ಹೇಗಿದ್ದರೂ ಸೊನ್ನೆ. ಬ್ರಿಟನ್ ದಾರಿಯಲ್ಲಿ ಅನುಕೂಲ ಎರಡು. ಸಾಗಣೆ ಕಡಿಮೆ, ಮತ್ತು ಹೊರಗೆ ಕಳಿಸುವ ಸರಕಿನ ಮೇಲೆ ಅಲ್ಲಿನ ಶೇ. 20 ವ್ಯಾಟ್ ಇರುವುದಿಲ್ಲ. ಆದರೆ ಆರ್ಡರ್ ಮಾಡುವ ಕೊನೆಯ ಪುಟದಲ್ಲಿ ಅದನ್ನು ಕಳೆದಿದ್ದಾರೆಯೇ ಎಂದು ನೋಡಿಯೇ ಹಣ ಕಟ್ಟಿ. ಕಳೆಯದ ಅಂಗಡಿಗಳೂ ಇವೆ, ಆಗ ಬ್ರಿಟನ್ನಿನ ವ್ಯಾಟೂ ಜರ್ಮನಿಯ ವ್ಯಾಟೂ ನಿಮ್ಮ ತಲೆಗೆ. 150 ಯೂರೋ ಒಳಗಿನ ಸಾಮಾನಿಗೆ ಕೆಲವು ಅಂಗಡಿಗಳು ಜರ್ಮನಿಯ ವ್ಯಾಟನ್ನು ಆರ್ಡರ್ ಮಾಡುವಾಗಲೇ ತೆಗೆದುಕೊಂಡು ಐಒಎಸ್‌ಎಸ್ ಎಂಬ ವ್ಯವಸ್ಥೆಯಲ್ಲಿ ಕಟ್ಟುತ್ತವೆ. ಅಂಥ ಪಾರ್ಸೆಲ್ಲಿಗೆ ಬಾಗಿಲಲ್ಲಿ ಮತ್ತೆ ವ್ಯಾಟ್ ಕೇಳಬಾರದು. ಕೇಳಿದರೆ ಬಿಲ್ ತೋರಿಸಿ. ದೊಡ್ಡ ಅಂಗಡಿಗಳಲ್ಲಿ ಡಿಡಿಪಿ ಎಂದು ಕಂಡರೆ ತೆರಿಗೆಯೆಲ್ಲ ಸೇರಿದ ಬೆಲೆ ಎಂದರ್ಥ, ಡಿಎಪಿ ಎಂದಿದ್ದರೆ ತೆರಿಗೆ ನಿಮ್ಮದು.

ನೆದರ್ಲ್ಯಾಂಡ್ಸ್ ಮತ್ತು ಐರ್ಲೆಂಡಿನಲ್ಲಿ ಕ್ರಿಕೆಟ್ ಬಹಳ ಕಾಲದಿಂದ ಇದೆ, ಅವೆರಡೂ ಒಕ್ಕೂಟದ ಒಳಗಿನ ದೇಶಗಳು. ಅಲ್ಲಿನ ಅಂಗಡಿಯಿಂದ ತರಿಸಿದರೆ ಕಸ್ಟಮ್ಸ್ ಎಂಬುದೇ ಇಲ್ಲ, ಕಂಡ ಬೆಲೆಯೇ ಕೊನೆಯ ಬೆಲೆ, ವಾಪಸು ಕಳಿಸುವುದೂ ಸುಲಭ. ಪ್ಯಾಡ್, ಗ್ಲೌಸ್, ಶೂ, ಬ್ಯಾಗಿಗೆ ಇದೇ ಸರಿ. ಬ್ಯಾಟಿನ ವಿಷಯಕ್ಕೆ ಮಾತ್ರ ಮೀರತ್ತಿನ ಬೆಲೆಗೆ ಅವರು ಸಾಟಿಯಾಗುವುದು ಕಷ್ಟ.

ಇಷ್ಟು ಹೇಳಿದ ಮೇಲೆ, ನಿಮಗೆ ಪಾರ್ಸೆಲ್ಲಿಗಿಂತ ಒಳ್ಳೆಯ ದಾರಿ ಇದೆ: ಸೂಟ್‌ಕೇಸ್. ಹೊರದೇಶದಿಂದ ವಿಮಾನದಲ್ಲಿ ಬರುವ ವಯಸ್ಕರು ತಲಾ 430 ಯೂರೋ ಮೌಲ್ಯದ ಸಾಮಾನನ್ನು ಸುಂಕವೂ ಇಲ್ಲದೆ ವ್ಯಾಟೂ ಇಲ್ಲದೆ ತರಬಹುದು, 15 ವರ್ಷದೊಳಗಿನವರಿಗೆ 175. 250ರ ಬ್ಯಾಟ್, ಪ್ಯಾಡ್, ಗ್ಲೌಸ್ ಎಲ್ಲ ಈ ಮಿತಿಯೊಳಗೆ ಕೂರುತ್ತವೆ. ರಜೆಗೆ ಊರಿಗೆ ಹೋದಾಗ ಮೀರತ್‌ನಿಂದ ದಾವಣಗೆರೆಗೆ ತರಿಸಿಟ್ಟುಕೊಂಡು, ಬಿಲ್ ಜೊತೆಗಿಟ್ಟುಕೊಂಡು, ವಿಮಾನ ನಿಲ್ದಾಣದಲ್ಲಿ ಘೋಷಿಸುವ ಸಾಮಾನಿಲ್ಲದವರಿಗೆಂದು ಇರುವ ಹಸಿರು ದಾರಿಯಲ್ಲಿ ಬನ್ನಿ. 378ರ ಬದಲು 250ಕ್ಕೇ ಮುಗಿಯಿತು. ಬ್ಯಾಟನ್ನು ಕ್ಯಾಬಿನ್ನಿಗೆ ಬಿಡುವುದಿಲ್ಲ, ಚೆಕ್-ಇನ್ ಲಗೇಜಿನಲ್ಲೇ ಹೋಗಬೇಕು. ತುದಿಗೆ ಹಳೆಯ ಟವೆಲ್ ಸುತ್ತಿ, ಪ್ಯಾಡುಗಳ ನಡುವೆ ಇಡಿ. ಅಪ್ಪ ಅಮ್ಮ ನಿಮ್ಮಲ್ಲಿಗೆ ಬರುವುದಿದ್ದರೆ ಅವರಿಗೂ ತಲಾ 430ರ ಮಿತಿ ಇದೆ, ಮಗನಿಗೆಂದು ಅವರು ಉಡುಗೊರೆ ತರಬಹುದು. ಒಂದೇ ಎಚ್ಚರ: ಒಂದು ವಸ್ತುವಿನ ಬೆಲೆಯನ್ನು ಇಬ್ಬರ ಮಿತಿಗೆ ಹಂಚುವಂತಿಲ್ಲ. 500 ಯೂರೋದ ಬ್ಯಾಟನ್ನು ಅಪ್ಪ ಅಮ್ಮ ಇಬ್ಬರದೂ ಅರ್ಧರ್ಧ ಎಂದರೆ ಒಪ್ಪುವುದಿಲ್ಲ. ಪೂರ್ತಿ 500ಕ್ಕೂ ತೆರಿಗೆ, 430 ಕಳೆದು ಉಳಿದದ್ದಕ್ಕಲ್ಲ. ಮಿತಿ ಮೀರಿದ್ದರೆ ಕೆಂಪು ದಾರಿಯಲ್ಲಿ ಹೋಗಿ ಹೇಳಿಬಿಡಿ, 700 ಯೂರೋ ತನಕ ಶೇ. 17.5ರ ಸಾರಾಸಗಟು ದರ ಕಟ್ಟಿ ನೆಮ್ಮದಿಯಿಂದ ಹೊರಬರಬಹುದು.

ಕ್ಲಬ್ಬಿನ ಮೂವರ ಬ್ಯಾಟಿಗೆ ಈ ದಾರಿ ಇಲ್ಲ. ಸೂಟ್‌ಕೇಸಿನ ವಿನಾಯಿತಿ ನಿಮ್ಮ ಸ್ವಂತ ಬಳಕೆಗೆ, ಮನೆಯವರಿಗೆ, ಅಥವಾ ಉಡುಗೊರೆಗೆ. ಬೇರೆಯವರಿಂದ ಹಣ ಪಡೆದು ತಂದದ್ದಕ್ಕೆ ಅದು ಅನ್ವಯಿಸುವುದಿಲ್ಲ, ಲಾಭ ಇಟ್ಟುಕೊಳ್ಳದಿದ್ದರೂ ಅಷ್ಟೆ. ನಾಲ್ಕು ಬ್ಯಾಟನ್ನು ಸೂಟ್‌ಕೇಸಿನಲ್ಲಿ ಹೊತ್ತು ಹಸಿರು ದಾರಿಯಲ್ಲಿ ಬರಬೇಡಿ. ಅವರ ಮೂರು ಬ್ಯಾಟಿಗೆ ಪಾರ್ಸೆಲ್ಲೇ ಸರಿ, ಮತ್ತು ಅಲ್ಲಿ ಒಟ್ಟಿಗೆ ತರಿಸುವುದು ಲಾಭ: ಸುಂಕವಿಲ್ಲದ್ದರಿಂದ 150 ದಾಟಿದರೂ ನಷ್ಟವಿಲ್ಲ, ಸಾಗಣೆ ತಲಾ ಕಡಿಮೆಯಾಗುತ್ತದೆ, ಕೊರಿಯರ್ ಶುಲ್ಕ ಮೂವರಿಗೆ ಹಂಚಿಹೋಗುತ್ತದೆ. ಸಾಮಾನಿನ ಮೌಲ್ಯ 1,000 ಯೂರೋ ಒಳಗಿದ್ದರೆ ಕಾಗದದ ಕೆಲಸ ಸರಳ. ದಾಟಿದರೆ ಪೂರ್ಣ ಎಲೆಕ್ಟ್ರಾನಿಕ್ ಘೋಷಣೆ ಬೇಕು, ಅದಕ್ಕೆ ಕೊರಿಯರ್ ಬೇರೆ ದುಡ್ಡು ಕೇಳುತ್ತದೆ. ಕ್ಲಬ್ಬಿಗೆಂದೇ ಚೆಂಡು, ಸ್ಟಂಪು, ಬ್ಯಾಟು ವರ್ಷವರ್ಷ ತರಿಸುವ ಯೋಚನೆ ಇದ್ದರೆ ಕ್ಲಬ್ಬಿನ ಹೆಸರಿನಲ್ಲಿ ಇಒಆರ್‌ಐ ಸಂಖ್ಯೆ, ಅಂದರೆ ಆಮದು ಮಾಡುವವರನ್ನು ಕಸ್ಟಮ್ಸ್ ಗುರುತಿಸುವ ಸಂಖ್ಯೆ, ತೆಗೆದುಕೊಳ್ಳುವುದು ಲೇಸು. ಜರ್ಮನ್ ಕಸ್ಟಮ್ಸ್ ಅದನ್ನು ಉಚಿತವಾಗಿ ಕೊಡುತ್ತದೆ. ಬಿಲ್ ಕ್ಲಬ್ಬಿನ ಹೆಸರಿಗೆ ಬರಲಿ, ನಿಮ್ಮ ಹೆಸರಿಗೆ ಬೇಡ.

ನಿಮ್ಮ ಪತ್ರದಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಂಡದ್ದು ಕೊನೆಯ ಸಾಲು, ಊರಿನಲ್ಲಿರುವ ಹಳೆಯ ಕಿಟ್ಟು. ಒಕ್ಕೂಟದ ಹೊರಗೆ ಕನಿಷ್ಠ 12 ತಿಂಗಳು ವಾಸವಿದ್ದು ಇಲ್ಲಿಗೆ ನೆಲೆ ಬದಲಿಸಿದವರು, ಅಲ್ಲಿ ಕನಿಷ್ಠ ಆರು ತಿಂಗಳು ತಾವು ಬಳಸಿದ ಸ್ವಂತ ಸಾಮಾನನ್ನು ಸುಂಕವೂ ವ್ಯಾಟೂ ಇಲ್ಲದೆ ತರಿಸಿಕೊಳ್ಳಬಹುದು. ಮೌಲ್ಯದ ಮಿತಿ ಇಲ್ಲ, ಒಂದೇ ಸಲ ತರಬೇಕೆಂದೂ ಇಲ್ಲ. ಆದರೆ ನೆಲೆ ಬದಲಿಸಿದ 12 ತಿಂಗಳೊಳಗೆ ಸಾಮಾನು ಬರಬೇಕು. ನೀವು ಬಂದು ಎಂಟು ತಿಂಗಳಾಯಿತು ಎಂದಿದ್ದೀರಿ, ಅಂದರೆ ಉಳಿದಿರುವುದು ನಾಲ್ಕೇ ತಿಂಗಳು. ಇಲ್ಲಿನ ನಗರ ಕಚೇರಿಯಲ್ಲಿ ವಿಳಾಸ ನೋಂದಾಯಿಸಿದ ಪತ್ರ, ಭಾರತದ ವಾಸದ ದಾಖಲೆ, ಬಾಡಿಗೆ ಕರಾರು ಅಥವಾ ಕೆಲಸದ ಪತ್ರ, ಸಾಮಾನಿನ ಪಟ್ಟಿ, ಇವಿಷ್ಟನ್ನು ಕೂಡಿಸಿ ನೀವೀಗ ಇರುವ ಊರಿನ ಕಸ್ಟಮ್ಸ್ ಕಚೇರಿಯಲ್ಲಿ ಅರ್ಜಿ ಕೊಡಬೇಕು. ಪಟ್ಟಿಯಲ್ಲಿ ‘ಬಳಸಿದ ಬ್ಯಾಟ್ 2, ಪ್ಯಾಡ್ 1 ಜೊತೆ, ಹೆಲ್ಮೆಟ್ 1’ ಎಂದು ಒಂದೊಂದಾಗಿ ಬರೆಯಿರಿ. ಪೆಟ್ಟಿಗೆಯ ಹೊರಗಿನ ಕಾಗದದಲ್ಲೂ ಬಳಸಿದ ಸ್ವಂತ ಸಾಮಾನು ಎಂದು ಕಾಣಬೇಕು. ಹೀಗೆ ತಂದದ್ದನ್ನು 12 ತಿಂಗಳು ಮಾರುವಂತಿಲ್ಲ, ಯಾರಿಗೂ ಬಾಡಿಗೆಗೋ ಎರವಲೋ ಕೊಡುವಂತಿಲ್ಲ. ಕ್ಲಬ್ಬಿನಲ್ಲಿ ‘ಒಂದು ಓವರ್ ಕೊಡು ಮಾರಾಯ’ ಎನ್ನುವವರ ಬಗ್ಗೆ ಚಿಂತೆ ಬೇಡ, ಆದರೆ ಸೀಸನ್ನಿಡೀ ಬೇರೆಯವರ ಬ್ಯಾಗಿನಲ್ಲಿ ಇರುವಂತೆ ಮಾಡಬೇಡಿ. ಹೊಸ ಬ್ಯಾಟ್ ಕೊಂಡು ಇದರ ಜೊತೆ ಸೇರಿಸಿ ಕಳಿಸಿ ಎಂದೂ ಹೇಳಬೇಡಿ. ಸ್ಟಿಕ್ಕರಿನ ಹೊಸ ಹೊಳಪು ಕಂಡರೆ ಇಡೀ ಪೆಟ್ಟಿಗೆಯ ವಿನಾಯಿತಿ ಅನುಮಾನಕ್ಕೆ ಬೀಳುತ್ತದೆ.

ಹಾಗಾಗಿ ನಾನು ನಿಮ್ಮ ಜಾಗದಲ್ಲಿದ್ದರೆ ಈ ನಾಲ್ಕು ತಿಂಗಳೊಳಗೆ ಹಳೆಯ ಕಿಟ್ಟನ್ನು ತರಿಸಿಕೊಂಡು ಈ ಸೀಸನ್ ಅದರಲ್ಲೇ ಆಡುತ್ತಿದ್ದೆ. ಮೂವರು ಗೆಳೆಯರ ಬ್ಯಾಟನ್ನು ಒಂದೇ ಪೆಟ್ಟಿಗೆಯಲ್ಲಿ, ಸರಿಯಾದ ಬಿಲ್ಲಿನೊಂದಿಗೆ, ಅವರದೇ ಖರ್ಚಿನಲ್ಲಿ ತರಿಸುತ್ತಿದ್ದೆ. ನನ್ನ ಹೊಸ ಬ್ಯಾಟನ್ನು ಊರಿಗೆ ಹೋದಾಗ ಕೈಯಲ್ಲಿ ಹಿಡಿದು, ತೂಕ ನೋಡಿ, ಚೆಂಡು ತಟ್ಟಿ ನೋಡಿ ಆರಿಸಿ ತರುತ್ತಿದ್ದೆ. ಚಿತ್ರ ನೋಡಿ ಬ್ಯಾಟ್ ಕೊಳ್ಳುವುದಕ್ಕಿಂತ ಅದು ಎಷ್ಟೋ ಮೇಲು.

ಮುಂದೆ ಈ ಬ್ಯಾಟುಗಳನ್ನು ಹೊತ್ತು ಊರಿಗೆ ಹೋಗಿ ಮರಳುವಾಗ, ಇವು ಇಲ್ಲಿಂದಲೇ ಒಯ್ದದ್ದು ಎಂಬುದಕ್ಕೆ ಬಿಲ್ಲೋ ಮೊದಲು ಕಟ್ಟಿದ ವ್ಯಾಟಿನ ರಸೀದಿಯೋ ಫೋನಿನಲ್ಲಿ ಇರಲಿ. ಮೂರು ವರ್ಷದೊಳಗೆ ಹಾಗೆಯೇ ಮರಳಿ ಬಂದ ಸಾಮಾನಿಗೆ ಮತ್ತೆ ತೆರಿಗೆ ಇಲ್ಲ.

ಕೊರಿಯರ್‌ನವರು ಬ್ಯಾಟಿಗೆ ತಪ್ಪಾಗಿ ಸುಂಕ ಹಾಕಿಬಿಟ್ಟರೆ ಏನು ಮಾಡುವುದೆಂದೂ ಹೇಳಿಬಿಡುತ್ತೇನೆ. ಬಾಗಿಲಲ್ಲಿ ಬಂದವರ ಹತ್ತಿರ ವಾದ ಮಾಡಿ ಪ್ರಯೋಜನವಿಲ್ಲ, ಕಟ್ಟಿ ಪಾರ್ಸೆಲ್ ಬಿಡಿಸಿಕೊಳ್ಳಿ. ಆಮೇಲೆ ಕಂಪನಿಯಿಂದ ಕಸ್ಟಮ್ಸ್‌ನ ತೆರಿಗೆ ನಿರ್ಣಯ ಪತ್ರವನ್ನು ಕೇಳಿ ತರಿಸಿಕೊಳ್ಳಿ, ಅದರಲ್ಲಿ ಯಾವ ಸಂಖ್ಯೆಯಡಿ ಹಾಕಿದ್ದಾರೆ ಎಂದು ಕಾಣುತ್ತದೆ. 9506 99 10 ಇಲ್ಲದಿದ್ದರೆ ಒಂದು ತಿಂಗಳೊಳಗೆ ಆಕ್ಷೇಪಣೆ ಸಲ್ಲಿಸಬಹುದು. ತಿಂಗಳು ಕಳೆದಿದ್ದರೂ ಹೆಚ್ಚುವರಿ ಸುಂಕ ಮರಳಿಸಿ ಎಂದು ಮೂರು ವರ್ಷದೊಳಗೆ ಅರ್ಜಿ ಕೊಡುವ ಅವಕಾಶ ಇದೆ. ಬಿಲ್, ಹಣ ಕಟ್ಟಿದ ದಾಖಲೆ, ಬ್ಯಾಟಿನ ಒಂದು ಫೋಟೋ ಲಗತ್ತಿಸಿ. ಕೊರಿಯರ್‌ನ ಶುಲ್ಕ ವಾಪಸು ಬರುವುದಿಲ್ಲ, ಸುಂಕ ಬರುತ್ತದೆ.